ಸರೋಜಮ್ಮನವರ ಬಚ್ಚಲಲ್ಲಿ ಅರಳಿದ ಆರ್ಕಿಡ್

ಗೆಳೆಯರೇ, ಇವತ್ತು ಹೊಟ್ಟೆಕಿಚ್ಚಿಗೆ ನನಗೆ ತಿಂಡಿಯೇ ಸೇರಲಿಲ್ಲ. ಬಸವೇಶ್ವರನಗರದ ನಮ್ಮ ಬಾಲ್ಕನಿಯಲ್ಲಿ ಮೂರು ವರ್ಷದಿಂದ ಸ್ಲಿಪ್ಪರ್ ಆರ್ಕಿಡ್ ಸಾಕುತ್ತಿದ್ದೇನೆ. ಬರೀ ಎಲೆ, ಒಂದೂ ಮೊಗ್ಗಿಲ್ಲ. ಅದರದೇ ಮರಿಗಿಡವನ್ನು ಕೆಳಗಿನ ಮನೆಯ ಸರೋಜಮ್ಮನವರಿಗೆ ಕೊಟ್ಟಿದ್ದೆ. ಬೆಳಿಗ್ಗೆ ಅವರೇ ಕೂಗಿ ಕರೆದರು. ಹೋಗಿ ನೋಡಿದರೆ, ಪುಟ್ಟ ಚಪ್ಪಲಿಯಂಥ ಹೂವು, ಮೈತುಂಬ ಕಂದು ಗೆರೆ!

“ಏನು ಗೊಬ್ಬರ ಹಾಕಿದ್ರಿ ಆಂಟಿ?”

“ಏನೂ ಇಲ್ಲಪ್ಪ, ಬಚ್ಚಲು ಕಿಟಕೀಲಿಟ್ಟು ಮರೆತೇ ಬಿಟ್ಟಿದ್ದೆ.”

ನಾನು ದಿನಾ ಎಲೆ ಒರೆಸುತ್ತಿದ್ದೆ! ನನ್ನ ಮುಖ ನೋಡಿ ಅವರಿಗೆ ಅಯ್ಯೋ ಅನ್ನಿಸಿರಬೇಕು. “ನಿಂದೇ ಗಿಡ ಅಲ್ವೇನಪ್ಪ, ತಗೊಂಡ್ಹೋಗು” ಎಂದು ಕುಂಡ ಎತ್ತಿಕೊಟ್ಟರು. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಂದೆ.

ಸಂಜೆಯಿಂದ ಬಂದವರಿಗೆಲ್ಲ ತೋರಿಸುತ್ತಿದ್ದೇನೆ. “ನೀವೇ ಬೆಳೆಸಿದ್ದಾ?” ಎಂದೇ ಕೇಳುತ್ತವೆ, ಹಾಳಾದವು.