ಅಪ್ಪನನ್ನು ಮಾತಾಡಿಸಲು ಬಂದವರು

ನಮ್ಮ ಕಡೆ ಒಬ್ಬರು ಹಾಸಿಗೆ ಹಿಡಿದರೆ ಊರೆಲ್ಲ ಬಂದು ಮಾತಾಡಿಸಿಕೊಂಡು ಹೋಗಬೇಕು. ಬಾರದವರ ಮೇಲಿನ ಸಿಟ್ಟು ಮಕ್ಕಳ ಕಾಲಕ್ಕೂ ಆರುವುದಿಲ್ಲ. ಬಂದವರಿಗೆ ಚಹಾ ಕೊಡಬೇಕು. ಹಾಸಿಗೆಯಲ್ಲಿದ್ದವನನ್ನು ಬಿಟ್ಟು ತಾವೊಬ್ಬರೇ ಕುಡಿಯುವುದು ಚೆಂದ ಕಾಣುವುದಿಲ್ಲವೆಂದು ಅವರು ಬಶಿಗೆ ಅರ್ಧ ಸುರಿದು ಅವನ ಬಾಯಿಗೆ ಹಿಡಿಯುತ್ತಾರೆ. ಈ ಮರ್ಯಾದೆಯೇ ನನ್ನ ಅಪ್ಪನನ್ನು ಅರೆಜೀವ ಮಾಡಿತು.

ಅಪ್ಪ ಸೀರೆ ಮಾರುತ್ತಿದ್ದ. ಎಂಬತ್ತರ ದಶಕದ ಮಾತು. ನಮ್ಮ ಮನೆ ಗೊಬ್ಬೂರಿನಲ್ಲಿ. ಗಂಟು ಹೊತ್ತು ಬಸ್ಸು ಹಿಡಿದು ಆಳಂದ, ಜೇವರ್ಗಿ, ಅಫಜಲಪುರದ ಸಂತೆಗಳಿಗೆ ಹೋಗುತ್ತಿದ್ದ. ಅಫಜಲಪುರದ ಸಂತೆಯಲ್ಲಿ, ಬಸ್ಸಿಳಿದು ಬರುವ ಹೆಂಗಸರೆಲ್ಲ ಹಾದುಹೋಗಲೇಬೇಕಾದ ತಿರುವಿನಲ್ಲಿ ಅವನು ತಾಡಪತ್ರಿ ಹಾಸುತ್ತಿದ್ದ. ನಮ್ಮ ಹೊಟ್ಟೆ ತುಂಬುತ್ತಿದ್ದದ್ದು ಆ ಜಾಗದಿಂದ. ಆದರೆ ಸಂತೆಯಲ್ಲಿ ಯಾರ ಜಾಗವೂ ಯಾರ ಹೆಸರಿನಲ್ಲೂ ಇರುವುದಿಲ್ಲ, ಕೂತವನದೇ ಜಾಗ. ಸಾಲಾಗಿ ಸಂತೆ ತಪ್ಪಿಸಿದವನ ಜಾಗದಲ್ಲಿ ಇನ್ನೊಬ್ಬ ಬಂದು ಕೂತರೆ ಕೇಳುವ ಹಾಗಿಲ್ಲ.

ಅಲ್ಲಿಯೇ ಅದು ಮೊದಲ ಸಲ ಬಂತು. ಸೀರೆಯ ಮಡಿಕೆ ಬಿಚ್ಚಿ ತೋರಿಸುತ್ತಿದ್ದವನ ಕೈ ನಡುಗಿತಂತೆ. ಎದೆ ಡವಡವ ಹೊಡೆದುಕೊಂಡು ಉಸಿರು ಒಳಗೆ ಇಳಿಯಲೊಲ್ಲದು. ಸತ್ತೆ ಅಂದುಕೊಂಡು ಸೀರೆಗಳ ಮೇಲೆಯೇ ಬಿದ್ದ. ಪಕ್ಕದಲ್ಲಿ ಬಳೆ ಮಾರುವ ಸಾಬರು ತಮ್ಮ ವ್ಯಾಪಾರ ಬಿಟ್ಟು ಅವನನ್ನು ಮನೆಗೆ ಕರೆತಂದರು.

ಅವ್ವ ಅವನನ್ನು ಗುಲಬರ್ಗಾಕ್ಕೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಡಾಕ್ಟರು ಎದೆಗೆ ತಂತಿ ಹಚ್ಚಿ ನೋಡಿದರು, ರಕ್ತ ತೆಗೆಸಿದರು, ಕೊನೆಗೆ ಅಪ್ಪನ ಅಪ್ಪನ ಬಗ್ಗೆ ಕೇಳಿದರು. ನಮ್ಮಜ್ಜ ಬಾಗಿಲು ಹಾಕಿದ ಕೋಣೆಯಲ್ಲಿ ಕೂರುತ್ತಿರಲಿಲ್ಲ, ಮಂದಿ ಸೇರಿದ ಕಡೆಯಿಂದ ಬೆವತು ಎದ್ದು ಬರುತ್ತಿದ್ದ. ಊರವರು ಅವನನ್ನು ಪುಕ್ಕಲನೆಂದು ಆಡಿಕೊಂಡೇ ಮಣ್ಣು ಮಾಡಿದರು.

"ನಿಮ್ಮ ಎದಿ ಗಟ್ಟಿ ಅದ," ಅಂದರು ಡಾಕ್ಟರು. "ಇದು ಅಂಜಿಕಿ. ಸ್ವಲ್ಪ ರಕ್ತದಾಗ ಬಂದದ್ದು, ಸ್ವಲ್ಪ ನೀವು ಸಾಕಿದ್ದು. ಚಹಾ, ತಂಬಾಕ ಬಿಡ್ರಿ. ಹೊತ್ತಿಗೆ ಉಣ್ರಿ. ಉಸಿರು ಸಾವಕಾಶ ಹೊರಗ ಬಿಡ್ರಿ. ಎಲ್ಲಿ ಬಂತೋ ಅಲ್ಲೇ ಹೋಗಿ, ಅದು ಇಳಿಯೋತನಕ ಕೂಡ್ರಿ. ಗುಳಿಗಿ ಕೊಡ್ತೇನಿ, ಆದ್ರ ಗುಳಿಗಿ ನಿಮ್ಮನ್ನ ಸಂತಿಗೆ ಹೊತ್ಕೊಂಡು ಹೋಗಂಗಿಲ್ಲ."

ಅಪ್ಪನ ಮುಖಕ್ಕೆ ಹೊಡೆದಂತಾಯಿತು. ಎದೆಯ ರೋಗ ಅಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು, "ಅಂಜಿಕಿ ಅಂತ! ನಾ ಏನು ಸಣ್ಣ ಹುಡುಗನೇನು?" ಮನೆಗೆ ಬಂದವನೇ ಹಾಸಿಗೆ ಬಿಚ್ಚಿ ಮಲಗಿದ.

ಆಮೇಲೆ ಊರು ಬಂತು. ತಲೆದಿಂಬಿನ ಬಳಿ ಕೂತು ಒಬ್ಬೊಬ್ಬರೂ ತಮ್ಮ ಗುರುತಿನ ಒಂದೊಂದು ಹೆಣ ಇಳಿಸಿ ಹೋಗುವವರೇ. "ನಮ್ಮ ಕಾಕಾಗೂ ಹಿಂಗೇ ಎದಿ ಹಾರ್ತಿತ್ತು ನೋಡ್ರಿ. ರೊಟ್ಟಿ ಮುರಿಯಾಕತ್ತಿದ್ದ, ತುತ್ತು ಕೈಯಾಗೇ ಉಳೀತು." ಇಷ್ಟು ಹೇಳಿ, "ನೀವು ಧೈರ್ಯ ತಗೋರಿ," ಅಂದು, ಕಪ್ಪಗೆ ಕುದಿಸಿದ ಸಕ್ಕರೆ ಚಹಾ ಅವನಿಗೆ ಕುಡಿಸಿ ಏಳುವರು. ಖಾಲಿ ಹೊಟ್ಟೆಗೆ ಅದು ಇಳಿಯುತ್ತಲೇ ಅಪ್ಪನ ಎದೆ ಮತ್ತೆ ಹಾರುವುದು. ಸುದ್ದಿ ಕೇಳಿ ಇನ್ನಷ್ಟು ಮಂದಿ ಬರುವರು, ಇನ್ನಷ್ಟು ಚಹಾ ಕುದಿಯುವುದು. ಅವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಬ್ಬರಾದರೂ ಕೆಟ್ಟವರಾಗಿದ್ದರೆ ಬೈದು ಕಳಿಸಬಹುದಿತ್ತು.

ಅಪ್ಪ ಮೊದಲು ಬಸ್ಸು ಬಿಟ್ಟ, ಆಮೇಲೆ ಓಣಿ, ಆಮೇಲೆ ಅಂಗಳ. ಬಚ್ಚಲಿಗೆ ಹೋದರೂ ಯಾರಾದರೂ ಬಾಗಿಲಲ್ಲಿ ನಿಲ್ಲಬೇಕು. ಮಗಳು ನಾನು, ಕಾಲೇಜು ಬಿಟ್ಟು ಅವನ ನಾಡಿ ಹಿಡಿದು ಕೂತೆ. ಅವ್ವ ಅವನು ಕೇಳಿದ್ದನ್ನೆಲ್ಲ ಮಾಡಿದಳು. ಒಂದೊಂದು ಸಲ ಮಾಡಿದಾಗಲೂ ಅವನು ಇನ್ನೊಂದು ಬೆರಳು ಕುಗ್ಗಿದ.

ಒಂದು ದಿನ ಬಳೆ ಸಾಬರು ಬಂದರು. ಅವರು ಯಾರ ಸಾವಿನ ಕಥೆಯನ್ನೂ ತರಲಿಲ್ಲ. "ಇವರ ಜಾಗಾದಾಗ ನನ್ನ ಬಳೆ ಪೆಟಾರಿ ಇಟ್ಟು ಕಾಯಾಕತ್ತೇನಿ, ಭಾಭಿ. ಒಬ್ಬಾಂವ ಸಂತಿ ಸಂತಿಗೂ ಬಂದು ಜಗಳಾ ತೆಗಿತಾನ. ಮುಂದಿನ ಸಂತಿಗೆ ಇವರು ಬರಲಿಲ್ಲಂದ್ರ ನನ್ನ ಕೈಲೆ ಆಗಂಗಿಲ್ರಿ."

ಅವರು ಓಣಿ ದಾಟಿರಲಿಲ್ಲ, ಅವ್ವ ಚಹಾಪುಡಿಯ ಡಬ್ಬಿಯನ್ನು ತಿಪ್ಪೆಗೆ ಬೋರಲು ಹಾಕಿ ಬಂದಳು. ತಂಬಾಕಿನ ಚೀಲವೂ ಅಲ್ಲಿಗೇ ಹೋಯಿತು. ಆಮೇಲೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ಮೊದಲು ಬಂದದ್ದು ಅಪ್ಪನ ಸ್ವಂತ ಅಕ್ಕ.

"ಮಾತಾಡ್ಸಾಕ ಬಂದೀರೋ, ಮಣ್ಣು ಕೊಡಾಕ ಬಂದೀರೋ?" ಅಂದಳು ಅವ್ವ. "ಮಣ್ಣು ಕೊಡೋದಿದ್ರ ಹೇಳಿ ಕಳಸ್ತೇನಿ, ಈಗ ನಡೀರಿ." ಆ ಅತ್ತೆ ಓಣಿಯಲ್ಲಿ ನಿಂತು ಎದೆ ಬಡಿದುಕೊಂಡು ಅತ್ತಳು. ಸಂಜೆಯೊಳಗೆ ಅವ್ವ ಊರಿಗೆಲ್ಲ ರಾಕ್ಷಸಿಯಾದಳು.

ಚಹಾ ಸಿಗದೆ ಅಪ್ಪ ತಲೆನೋವಿನಲ್ಲಿ ಒದ್ದಾಡಿದ. ಅವ್ವ ತಲೆ ಒತ್ತಲಿಲ್ಲ. ನಾಡಿ ಹಿಡಿಯಲು ಹೋದ ನನ್ನ ಕೈಗೆ ಲಟ್ಟಣಿಗೆಯಿಂದ ಹೊಡೆದಳು. "ಮುಟ್ಟಿದ್ರ ನೋಡು. ನೀ ನಾಡಿ ಹಿಡಿಯೋತನಕ ಅವರು ಹಾಸಿಗಿ ಬಿಡಂಗಿಲ್ಲ." ಬೆಳಿಗ್ಗೆ ರೊಟ್ಟಿ ತಿನ್ನಿಸಿ, ರಟ್ಟೆ ಹಿಡಿದೆಬ್ಬಿಸಿ ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಹೋಗಿ ಕೂರಿಸುತ್ತಿದ್ದಳು. ಅವನು ಬೆವರುತ್ತ, ಕಣ್ಣೀರು ಹಾಕುತ್ತ, ಎಲ್ಲರೆದುರು ಅವಳ ತಾಯಿ ತಂದೆಯನ್ನು ಬೈಯುತ್ತಿದ್ದ. ಎದೆ ತಣ್ಣಗಾಗುವವರೆಗೆ ಏಳಲು ಬಿಡುತ್ತಿರಲಿಲ್ಲ. ಮೊದಲು ಅರ್ಧ ದಿನ ಬೇಕಾಗುತ್ತಿತ್ತು, ಬರಬರುತ್ತ ಬೇಗ ಇಳಿಯತೊಡಗಿತು.

ಸಂತೆಯ ದಿನ ಅವಳೇ ಗಂಟು ಹೊತ್ತು ಬಂದು ಬಸ್ಸಿನ ಮೇಲೆ ಹಾಕಿಸಿದಳು. ಅಪ್ಪ ಮೆಟ್ಟಿಲ ಮೇಲೆ ನಿಂತು ಅವಳ ಸೆರಗು ಹಿಡಿದುಕೊಂಡ.

"ನೀನೂ ಬಾ ಬೇ. ಜೀವ ಹೋಗಾಕತ್ತದ. ನಿನ್ನ ಕಾಲ್ ಬೀಳ್ತೇನಿ."

ಅವ್ವ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಸತ್ರ ಹೇಳಿ ಕಳಸ್ರಿ, ಬರ್ತೇನಿ."

ಬಸ್ಸಿನಲ್ಲಿದ್ದವರೆಲ್ಲ ಥೂ ಅಂದರು. ನಾನೂ ಆ ಗಳಿಗೆಯಲ್ಲಿ ಅವಳನ್ನು ದ್ವೇಷಿಸಿದೆ. ಮನೆಗೆ ಬಂದ ಅವ್ವ ಒಲೆ ಹಚ್ಚಲಿಲ್ಲ, ಗುಟುಕು ನೀರೂ ಕುಡಿಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ರಸ್ತೆ ನೋಡುತ್ತ ಕೂತಿದ್ದಳು. ಅವಳನ್ನು ಮಾತಾಡಿಸಲು ಯಾರೂ ಬರಲಿಲ್ಲ.

ಸಂಜೆ ಅಪ್ಪ ಬಂದ, ಗಂಟು ಅರ್ಧವಾಗಿತ್ತು. ಸಂತೆಯಲ್ಲಿ ಅದು ಮತ್ತೆ ಬಂದಿತ್ತಂತೆ. ಸೀರೆ ಅಳೆದು ತೋರಿಸುವ ಗಜದ ಕೋಲು ಬಿಗಿಯಾಗಿ ಹಿಡಿದು, ಉಸಿರು ಬಿಡುತ್ತ ಕೂತೇ ಇದ್ದನಂತೆ. ಇದನ್ನೆಲ್ಲ ನನಗೆ ಹೇಳಿದ. ಅವ್ವನ ಕಡೆ ತಿರುಗಿಯೂ ನೋಡಲಿಲ್ಲ.

ಜಾಗ ಉಳಿಯಿತು. ತೊಂಬತ್ತರ ದಶಕದವರೆಗೂ ಅಪ್ಪ ಅದೇ ತಿರುವಿನಲ್ಲಿ ಕೂತ, ನನ್ನ ಮದುವೆ ಮಾಡಿದ. ಹೇಗೆ ಗುಣವಾಯಿತೆಂದು ಯಾರಾದರೂ ಕೇಳಿದರೆ ಡಾಕ್ಟರ ಗುಳಿಗೆ ಅನ್ನುತ್ತಿದ್ದ, ಬಳೆ ಸಾಬರ ಪುಣ್ಯ ಅನ್ನುತ್ತಿದ್ದ. ಅವ್ವನ ಮಾತು ಬಂದರೆ ಅವಳೆದುರೇ, "ಇಕಿ ನಾ ಸಾಯೋ ದಾರಿ ನೋಡಾಕತ್ತಿದ್ಳು," ಅಂದು ನಗುತ್ತಿದ್ದ. ಬಂದವರೂ ನಗುತ್ತಿದ್ದರು. ಅವ್ವ ಅವರಿಗೆ ನೀರು ತಂದಿಡುತ್ತಿದ್ದಳು.

ಒಮ್ಮೆ ನಾನು ತವರಿಗೆ ಬಂದಿದ್ದೆ. ಸಂತೆಗೆ ಹೊರಡುವ ಮುಂಚೆ ಉಣ್ಣುತ್ತಿದ್ದ ಅಪ್ಪ ನಡುವೆ ತುತ್ತು ಕೆಳಗಿಟ್ಟ. ಹಣೆಯ ಮೇಲೆ ಬೆವರು, ಕೈ ಎದೆಯ ಮೇಲೆ. ಅವ್ವ ಹತ್ತಿರ ಕೂತು, ನಾನು ಎಂದೂ ಕೇಳದಷ್ಟು ಮೆತ್ತಗೆ, "ಮತ್ತ ಬಂದದೇನ್ರಿ?" ಅಂದಳು.

ಅಪ್ಪ ಸಾವಕಾಶವಾಗಿ ಉಸಿರು ಹೊರಗೆ ಬಿಟ್ಟ. "ಬಂದ್ರ ಬಂದೀತು. ನಿನಗ್ಯಾಕ ಹೇಳಲಿ?"

ಅವ್ವ ಎದ್ದು ಒಳಗೆ ಹೋದಳು. ಅಪ್ಪ ತಾಟಿನಲ್ಲಿದ್ದದ್ದನ್ನು ಪೂರ್ತಿ ಉಂಡು, ಗಂಟು ಹೊತ್ತುಕೊಂಡು, ಒಬ್ಬನೇ ಬಸ್ಸಿಗೆ ನಡೆದ.