ಭಟ್ಟಿ ಮುಂದೆ ನಿಂತವನಿಗೂ ನ್ಯುಮೋನಿಯಾ

1993ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಂದಿನಿಂದ ಮಂಡಕ್ಕಿ ಭಟ್ಟಿಯ ಕೆಲಸ: ಉರಿಯ ಮೇಲೆ ಕಾದ ಮರಳಿಗೆ ಅಕ್ಕಿ ಸುರಿದು, ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿಯುವುದು. 2023ರ ಬೇಸಿಗೆಯ ಹೊತ್ತಿಗೆ ಹೊನ್ನಾಳಿಯಲ್ಲಿ ನನ್ನದೇ ಭಟ್ಟಿ ಇತ್ತು. ಬೆಂಕಿಯ ಮುಂದೆ ನಿಂತು ಮರಳು ತಿರುವುತ್ತಿದ್ದವನು ಜಗಳೂರು ಕಡೆಯ ತಿಪ್ಪೇಶಿ. ಮೂವತ್ತು ದಾಟಿದ ಆಳು, ಅಕ್ಕಿ ಮೂಟೆಯನ್ನು ಒಬ್ಬನೇ ಎತ್ತುತ್ತಿದ್ದ.

ಅವನಿಗೆ ಕೆಮ್ಮು ಹತ್ತಿತು, ಬಲಗಡೆ ಪಕ್ಕೆ ಹಿಡಿಯಿತು. ಸುಮ್ಮನೆ ಕೂತರೂ ಏದುಸಿರು. ನಮ್ಮ ಜನರಲ್ಲಿ ಡಾಕ್ಟರಲ್ಲದವರು ಯಾರಿದ್ದಾರೆ? ಮೂಟೆ ಎತ್ತಿ ಉಳುಕಿದೆ ಎಂದರು. ಸುಡುವ ಮೈ ಮುಟ್ಟಿದವರು ಭಟ್ಟಿಯ ಕಾವು, ಉಷ್ಣ ಎಂದರು. ನ್ಯುಮೋನಿಯಾ ಇರಬಹುದು ಎಂದ ನನ್ನನ್ನು ನೋಡಿ ನಕ್ಕರು. ಅದು ಮಳೆಯಲ್ಲಿ ನೆನೆದವರಿಗೆ, ಹಸುಗೂಸುಗಳಿಗೆ, ಮುದುಕರಿಗೆ ಬರುವ ಥಂಡಿ ರೋಗವಂತೆ.

ಎಲ್ಲರಿಗಿಂತ ದೊಡ್ಡ ಗಂಟಲು ಅವನ ಅಣ್ಣ ಓಬಳೇಶನದು. ಅವನೂ ನನ್ನಲ್ಲೇ ಜರಡಿ ಹಿಡಿಯುತ್ತಿದ್ದ.

“ಸಾವ್ಕಾರ್ರೆ, ಬೆಂಕಿ ಮುಂದೆ ನಿಂತೋನಿಗೆ ಥಂಡಿ ಹೆಂಗೆ ಹತ್ತತೈತ್ರಿ? ನೀವು ಭಟ್ಟಿ ನಡ್ಸಾಕೆ ಬಂದೀರೋ, ದವಾಖಾನೆ ನಡ್ಸಾಕೆ ಬಂದೀರೋ?”

ತಮ್ಮನಿಗೆ ಮಜ್ಜಿಗೆ ಕುಡಿಸಿದ, ಎದೆಯ ಮೇಲೆ ಒದ್ದೆ ಬಟ್ಟೆ ಹಾಕಿದ.

ಅಷ್ಟರಲ್ಲಿ ಒಲೆ ಬಿರುಕು ಬಿಟ್ಟು ರಿಪೇರಿಗೆ ನಿಂತಿತು. ಎರಡು ದಿನ ಭಟ್ಟಿಗೆ ಬೆಂಕಿಯೇ ಇಲ್ಲ. ಮೂರನೇ ದಿನ ಬೆಳಿಗ್ಗೆ ಭಟ್ಟಿಗೆ ಹೋದರೆ, ಅಲ್ಲೇ ಮಲಗುತ್ತಿದ್ದ ತಿಪ್ಪೇಶಿ ಗೋಡೆಗೆ ಒರಗಿ ಕೂತಿದ್ದ. ತುಟಿ ಕಪ್ಪಿಟ್ಟಿತ್ತು, ಒಂದು ಮಾತು ಮುಗಿಸಲು ಮೂರು ಸಲ ಉಸಿರೆಳೆಯುತ್ತಿದ್ದ. ಓಬಳೇಶ ಗಂಟು ಕಟ್ಟುತ್ತಿದ್ದ. ಬಸ್ಸಿನಲ್ಲಿ ಜಗಳೂರಿಗೆ ಒಯ್ದು, ಗೊತ್ತಿದ್ದವನೊಬ್ಬನಿಂದ ಪಕ್ಕೆಗೆ ಬರೆ ಹಾಕಿಸುತ್ತಾನಂತೆ.

ಓಬಳೇಶನ ಕೈ ಹಿಡಿದೆಳೆದು ಮೊದಲು ಒಲೆಯ ಮೇಲಿಟ್ಟೆ, ಆಮೇಲೆ ತಮ್ಮನ ಹಣೆಯ ಮೇಲಿಟ್ಟೆ.

“ಒಲೆ ತಣ್ಣಗೈತೆ. ಇವನ ಮೈ ಯಾವ ಬೆಂಕಿಗೆ ಕಾಯ್ತಾ ಐತೆ, ಹೇಳು.”

“ಉಷ್ಣ ಇಳಿಯಾಕೆ ಟೈಮ್ ಬೇಕ್ರಿ.”

“ಬಸ್ಸಿನಾಗೆ ಸತ್ರೆ ಪೂರ್ತಿ ಇಳಿತೈತೆ. ದಾರಿ ಬಿಡು.”

ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದೆ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಪೂರ್ತಿ ಬೆಳ್ಳಗಿತ್ತು. ತಕ್ಷಣ ಆಕ್ಸಿಜನ್ ಹಾಕಿದರು.

“ಇದು ನ್ಯುಮೋನಿಯಾ, ಸೋಂಕು. ಶ್ವಾಸಕೋಶದ ಗಾಳಿ ಚೀಲಗಳಲ್ಲಿ ಕೀವು ತುಂಬುತ್ತೆ. ಬಿಸಿಲು, ಬೆಂಕಿ ಕಂಡು ಅದು ಹೆದರಲ್ಲ,” ಎಂದರು ಡಾಕ್ಟರಮ್ಮ. ನನ್ನತ್ತ ತಿರುಗಿ ನೋಡಿ, “ಭಟ್ಟಿ ಹೊಗೆ ಕುಡಿದ ಎದೆಗೆ ಇನ್ನೂ ಸುಲಭವಾಗಿ ಬರುತ್ತೆ,” ಎಂದರು.

ನನಗೆ ಉರಿಯಿತು. ಆಮೇಲೆ ಭಟ್ಟಿಯ ಚಿಮಣಿ ಎತ್ತರಿಸಿದೆ, ನಿಜ. ಆದರೆ ಆ ನೋಟವನ್ನು ಮಾತ್ರ ಮರೆತಿಲ್ಲ.

ಜ್ವರ ಇಳಿದದ್ದೇ ತಡ, ಓಬಳೇಶ ವಾರ್ಡಿಗೆ ಬಂದ. “ಜ್ವರ ಬಿಡ್ತಲ್ಲ, ಇನ್ನ ಸೂಜಿ ಯಾಕೆ? ಊರಿಗೆ ಕರ್ಕೊಂಡು ಹೋಗ್ತೀನಿ.” ಜ್ವರ ಬಿಟ್ಟರೆ ರೋಗವೂ ಬಿಟ್ಟಿತು ಎನ್ನುವುದು ಇನ್ನೊಂದು ಮೂಢತನ. ಹೇಳಿದಷ್ಟು ದಿನ ಔಷಧಿ ನಡೆಯಲೇಬೇಕು. ನಾನು ಬಾಯಿ ತೆರೆಯುವ ಮೊದಲೇ ತಿಪ್ಪೇಶಿ ಮಾಸ್ಕ್ ಸರಿಸಿದ.

“ಅಣ್ಣ, ನೀನು ಹೋಗು. ಮಜ್ಜಿಗೆ ಉಳಿದಿದ್ರೆ ನೀನೇ ಕುಡಿ.”

ಓಬಳೇಶ ಹೋದ. ತಮ್ಮನ ತಲೆ ಕೆಡಿಸಿದವನು ನಾನೇ ಎಂದು ಕೆಲಸವನ್ನೂ ಬಿಟ್ಟ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು: ಮನುಷ್ಯ ಬೆಂಕಿಯ ಮುಂದೆ ನಿಂತಿದ್ದನೋ ಮಳೆಯಲ್ಲಿ ನಿಂತಿದ್ದನೋ ಎಂದು ಕೇಳಿ ರೋಗ ಹೇಳುವವರನ್ನು ದೂರ ಇಡಿ. ಉಸಿರು ನೋಡಿ. ಮಾತು ಮುಗಿಸಲಾಗದವನನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ವಾದ ಆಮೇಲೆ ಮಾಡಿ.

ಈಗ ನನಗಿರುವುದು ಎರಡು ಭಟ್ಟಿ, ಒಂದು ಲಗೇಜ್ ಆಟೋ, ತಿಪ್ಪೇಶಿ ಸೇರಿ ಆರು ಜನ ಕೆಲಸಗಾರರು. ನನ್ನ ಜೊತೆ ಮಾತು ಬಿಟ್ಟವನು ಒಬ್ಬ, ಓಬಳೇಶ.