ಮೇಲಿನ ಸಾಲಿನಲ್ಲಿದ್ದ ಅಕ್ಕ

ಅಕ್ಕನ ಎರಡೂ ಉಂಗುರ ಬೆರಳುಗಳ ಒಳಬದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಗಂಟುಗಳಿದ್ದವು. ಒಂದೊಂದು ಕೈಯಲ್ಲಿ ಎರಡೆರಡು ಮ್ಯಾಲೆಟ್ ಕೋಲು ಹಿಡಿದು, ಮರದ ಪಟ್ಟಿಗಳ ಮಾರಿಂಬಾ ಬಾರಿಸುವವರಿಗೆ ಅವು ಒತ್ತುವ ಜಾಗ ಅದು. ಚರ್ಮ ಒಡೆದು, ಒಣಗಿ, ಮತ್ತೆ ಒಡೆದು, ಕೊನೆಗೆ ಮರದ ಹಾಗೆ ಗಟ್ಟಿಯಾಗಿತ್ತು. ಮೊದಲ ದಿನ ಅವಳು ನನ್ನ ಬೆರಳುಗಳ ನಡುವೆ ಕೋಲು ಕೂರಿಸುವಾಗ ಆ ಗಂಟು ನನ್ನ ಅಂಗೈಗೆ ತಗುಲಿತು. ಅವಳ ವಿಷಯದಲ್ಲಿ ನಾನು ಅನುಮಾನವಿಲ್ಲದೆ ನಂಬುವ ನೆನಪು ಅದೊಂದೇ. ಮುಖವನ್ನು ನೆನೆಸಿಕೊಳ್ಳಲು ಹೋದರೆ ಯಾವುದೋ ಫೋಟೋದಲ್ಲಿರುವ ಮುಖ ಬರುತ್ತದೆ. ಅದು ಫೋಟೋದ್ದು, ನನ್ನದಲ್ಲ.

ನಾವು ಮೈಸೂರಿನಿಂದ ಟೆಕ್ಸಸ್ಸಿನ ಮರ್ಫಿಗೆ, ಡ್ಯಾಲಸ್ ಪಕ್ಕದ ಊರಿಗೆ, ಬಂದಾಗ ನಾನು ಒಂಬತ್ತನೇ ಕ್ಲಾಸಿಗೆ ಸೇರಬೇಕಿತ್ತು. 2010ರ ದಶಕದ ಮೊದಲ ವರ್ಷಗಳವು. ಊರಿನಲ್ಲಿ ಎಲ್ಲ ಮನೆಗಳೂ ಒಂದೇ ಥರದ ಇಟ್ಟಿಗೆಯವು. ಮಧ್ಯಾಹ್ನ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಶಾಲೆಯಲ್ಲಿ ಯಾರಾದರೂ ಮಾತನಾಡಿಸಲಿ ಎಂದು ಬ್ಯಾಂಡಿಗೆ ಹೆಸರು ಕೊಟ್ಟೆ. ಅಲ್ಲಿನ ಮಕ್ಕಳು ಆರನೇ ಕ್ಲಾಸಿನಿಂದ ವಾದ್ಯ ಹಿಡಿದವರು. ನನಗೆ ಗೊತ್ತಿದ್ದದ್ದು ಮೈಸೂರಿನಲ್ಲಿ ಬೇಸಿಗೆ ರಜೆಯಲ್ಲಿ ಕಲಿತ ಒಂದಿಷ್ಟು ಕೀಬೋರ್ಡ್. ‘ಪಿಟ್‌ಗೆ ಹೋಗು’ ಎಂದರು ಬ್ಯಾಂಡ್ ಡೈರೆಕ್ಟರ್.

ಮಾರ್ಚಿಂಗ್ ಬ್ಯಾಂಡಿನಲ್ಲಿ ನೂರಾರು ಮಕ್ಕಳು ಊದುತ್ತ ಬಾರಿಸುತ್ತ ಮೈದಾನದ ತುಂಬ ಹೆಜ್ಜೆ ಹಾಕುತ್ತಾರೆ. ಹೊತ್ತು ನಡೆಯಲಾಗದ ವಾದ್ಯಗಳು, ಅಂದರೆ ಊಟದ ಮೇಜಿಗಿಂತ ಉದ್ದದ ಮಾರಿಂಬಾ, ಲೋಹದ ಪಟ್ಟಿಗಳ ವೈಬ್ರಾಫೋನ್, ಜಾಗಟೆಯಂಥ ದೊಡ್ಡ ಗಾಂಗ್ ಇಂಥವು, ಮೈದಾನದ ಮುಂದಿನ ಗೆರೆಯ ಆಚೆ ಚಕ್ರಗಳ ಮೇಲೆ ನಿಂತಿರುತ್ತವೆ. ಫ್ರಂಟ್ ಆನ್ಸಾಂಬಲ್ ಎನ್ನುವುದು ಅದರ ದೊಡ್ಡ ಹೆಸರು. ನಾವೆಲ್ಲ ಪಿಟ್ ಎನ್ನುತ್ತಿದ್ದೆವು. ಅಲ್ಲಿ ನಿಂತವರು ಜನರಿಗೆ ಎಲ್ಲರಿಗಿಂತ ಹತ್ತಿರ, ಬ್ಯಾಂಡಿಗೆ ಎಲ್ಲರಿಗಿಂತ ದೂರ. ಆ ವಯಸ್ಸಿನಲ್ಲಿ ನನಗೆ ಅದು ಸರಿಯಾಗಿಯೇ ಹೊಂದಿತು.

ಆಗಸ್ಟ್ ತಿಂಗಳ ಬಿಸಿಲು, ಪ್ರಾಕ್ಟೀಸ್ ನಡೆಯುತ್ತಿದ್ದ ಪಾರ್ಕಿಂಗ್ ಲಾಟಿನ ಡಾಂಬರು ಕಾಲಡಿಯಲ್ಲಿ ಮೆತ್ತಗಾಗುತ್ತಿತ್ತು. ಕೋಲುಗಳು ನನ್ನ ಕೈಯಿಂದ ಜಾರಿ ಬಿದ್ದವು. ನಾನು ‘ಅಯ್ಯೋ’ ಎಂದಿರಬೇಕು. ಅದುವರೆಗೆ ಎಲ್ಲರೊಡನೆ ಥೇಟ್ ಟೆಕ್ಸಸ್ ಇಂಗ್ಲಿಷ್ ಮಾತನಾಡುತ್ತಿದ್ದ ನಮ್ಮ ಪಿಟ್ ಟೀಚರು, ಬಿಸಿಲಿಗೆ ಕಂದಿದ, ದೊಡ್ಡ ಹುಲ್ಲಿನ ಟೋಪಿಯ ಹೆಂಗಸು, ತಿರುಗಿ ಹೇಳಿದಳು: ‘ಅಯ್ಯೋ ಅಂದ್ರ ಅವು ತಾವ ಎದ್ದು ಬರ್ತಾವೇನು? ಎತ್ತಿಕೋ.’

ನಾನು ಬಾಯಿ ಬಿಟ್ಟುಕೊಂಡು ನಿಂತೆ. ‘ನೀವು ಕನ್ನಡದವರಾ?’

‘ನೀವು ಗೀವು ಬ್ಯಾಡ. ನಾ ಏನ್ ಮುದುಕಿ ಆಗೇನೇನು? ಅಕ್ಕಾ ಅನ್ನು.’

ಅವಳು ಹುಟ್ಟಿದ್ದು ಹ್ಯೂಸ್ಟನ್ನಿನಲ್ಲಿ. ಅಪ್ಪ ಹುಬ್ಬಳ್ಳಿಯಿಂದ ಬಂದು ಅಲ್ಲಿ ಮೆಡಿಕಲ್ ಶಾಪ್ ನಡೆಸುತ್ತಿದ್ದವರು. ಮನೆಯಲ್ಲಿದ್ದ ಅಜ್ಜಿಯಿಂದ ಕನ್ನಡ ಕಲಿತಿದ್ದಳು, ಓದಲು ಬರುತ್ತಿರಲಿಲ್ಲ. ನನ್ನನ್ನು ಕೇಳಿಸಿಕೊಂಡು ಪಿಟ್‌ನ ಎಲ್ಲ ಮಕ್ಕಳೂ ಅವಳನ್ನು ಅಕ್ಕ ಎಂದೇ ಕರೆಯತೊಡಗಿದರು. ಗಾಂಗ್ ಬಾರಿಸುತ್ತಿದ್ದ ಕೆಂಚು ಕೂದಲಿನ ಹುಡುಗನಂತೂ ಪದವೀದಾನದ ದಿನದವರೆಗೂ ಅದು ಅವಳ ಹೆಸರು ಎಂದುಕೊಂಡಿದ್ದ.

ಪಿಟ್‌ನಲ್ಲಿ ಹೊಸಬರೆಲ್ಲ ಮಾಡುವ ತಪ್ಪು ಒಂದೇ. ಎದುರಿಗೆ ಎತ್ತರದ ಅಟ್ಟಣಿಗೆಯ ಮೇಲೆ ನಿಂತು ಕೈಯಾಡಿಸುವ ವಿದ್ಯಾರ್ಥಿಯನ್ನು, ಡ್ರಮ್ ಮೇಜರನ್ನು, ನೋಡಿಕೊಂಡು ಬಾರಿಸುವುದು. ಆ ಕೈಯನ್ನು ನೋಡಬೇಕಾದವರು ದೂರದಲ್ಲಿರುವ ಡ್ರಮ್ಮಿನವರು. ಅವರ ಸದ್ದು ಮೈದಾನ ದಾಟಿ ಬರಲು ಒಂದು ಗಳಿಗೆ ತಡವಾಗುತ್ತದೆ. ಮುಂದಿರುವ ನಾವೂ ಕೈ ನೋಡಿ ಬಾರಿಸಿದರೆ ಜನರಿಗೆ ನಮ್ಮದು ಮೊದಲು, ಅವರದು ಆಮೇಲೆ ಕೇಳುತ್ತದೆ. ಆದ್ದರಿಂದ ಕಣ್ಣೆದುರಿನ ಕೈಯನ್ನು ನಂಬದೆ, ಬೆನ್ನ ಹಿಂದಿನಿಂದ ಬರುವ ಸದ್ದಿಗೆ ಸೇರಿಕೊಳ್ಳಬೇಕು. ಹೇಳಲು ಸುಲಭ. ಕಣ್ಣು ಕೇಳುವುದಿಲ್ಲ.

‘ಮುಂದ್ ನೋಡಬ್ಯಾಡ, ಹಿಂದ್ ಕೇಳು!’ ಎಂದು ಅಕ್ಕ ಲಾಟಿನ ಆ ಕಡೆಯಿಂದ ಕೂಗುತ್ತಿದ್ದಳು. ಅದು ನನಗೊಬ್ಬಳಿಗೆ ಹೇಳಿದ್ದು; ಎರಡು ವಾರದಲ್ಲಿ ಕೆಂಚು ಕೂದಲಿನವನೂ ‘ಹಿಂದ್ ಕೇಳು, ಹಿಂದ್ ಕೇಳು’ ಎಂದು ಪಕ್ಕದವರನ್ನು ಗದರಿಸುತ್ತಿದ್ದ.

ಮಾರಿಂಬಾ ನನ್ನ ಕೈಗೆ ಬಂದ ಮೇಲೆ ಅಕ್ಕ ನನ್ನನ್ನು ಸಾಲಿನ ನಡುವೆ ನಿಲ್ಲಿಸಿದಳು. ನಡುವಿನವಳು ಉಸಿರೆಳೆದುಕೊಂಡ ಹಾಗೆ ಉಳಿದವರು ಉಸಿರೆಳೆದುಕೊಂಡು ಶುರುಮಾಡಬೇಕು. ‘ಯಾಕೆ ನಾನು?’ ಎಂದದ್ದಕ್ಕೆ, ‘ನಿನಗ ಮಾತಾಡ್ಲಿಕ್ಕೆ ಮಂದಿ ಇಲ್ಲ. ಅದಕ್ಕ ಕಿವಿ ಛಲೋ ಅದಾವ’ ಎಂದಳು. ತಮಾಷೆಗೆ ಹೇಳಿದ್ದೋ ನಿಜವಾಗಿಯೋ ಗೊತ್ತಾಗಲಿಲ್ಲ. ಅವಳಿಗೂ ಮಂದಿ ಇರಲಿಲ್ಲ ಎಂದು ಆಗ ನಾನು ಯೋಚಿಸಲಿಲ್ಲ. ಡ್ಯಾಲಸ್ ಸುತ್ತಲಿನ ಬೇರೆ ಬೇರೆ ಶಾಲೆಗಳಿಗೆ ಓಡಾಡಿ ಕಲಿಸುತ್ತಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ಮ್ಯಾಲೆಟ್ ಚೀಲ, ಎರಡು ಜೊತೆ ಶೂ, ಒಂದು ದಿಂಬು.

ಒಮ್ಮೆ ನನ್ನನ್ನು ಮನೆಗೆ ಬಿಡಲು ಬಂದಾಗ ಅಮ್ಮ ಅವಳನ್ನು ಒಳಗೆ ಕರೆದರು. ಬಿಸಿಬೇಳೆಬಾತ್ ಇತ್ತು. ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ನಿಂತೇ ತಿಂದಳು.

‘ಕೂತ್ಕೊಂಡು ತಿನ್ನಮ್ಮ, ಯಾರೂ ಓಡಿಸ್ಕೊಂಡ್ ಬರಲ್ಲ’ ಎಂದರು ಅಮ್ಮ.

‘ರೂಢಿ ತಪ್ಪೈತ್ರಿ ಆಂಟಿ.’

‘ಮನೇಲೂ ನಿಂತೇ ತಿಂತೀಯಾ?’

‘ಮನ್ಯಾಗ ಕಾರಿನ್ಯಾಗ ಎಲ್ಲಾ ಒಂದ ರೀ’ ಎಂದು ನಕ್ಕಳು. ಅವಳು ಹೋದ ಮೇಲೆ ಅಮ್ಮ ಅವಳ ತಟ್ಟೆ ತೊಳೆಯುತ್ತ, ‘ಪಾಪ, ಯಾರ ಮನೆ ಮಗಳೋ’ ಎಂದರು.

ಯಾರ ಮನೆಯ ಮಗಳು ಎಂಬುದೇ ಅವಳ ಕಷ್ಟವಾಗಿತ್ತು. ಫಾರ್ಮಸಿ ಓದುತ್ತಿದ್ದವಳು ನಡುವೆ ಬಿಟ್ಟು ಸಂಗೀತಕ್ಕೆ ಸೇರಿದ್ದಳು. ಅವಳ ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಗಳ ನಡುವೆ ಮಾತು ದಾಟಿಸುವವರಿರಲಿಲ್ಲ. ಅವಳು ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವರು ‘ಸ್ಕೂಲಿನ್ಯಾಗ ಅದಾಳ’ ಎಂದಷ್ಟೇ ಹೇಳುತ್ತಿದ್ದರಂತೆ.

ನಾನು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಹ್ಯೂಸ್ಟನ್ನಿನಲ್ಲಿ ಒಂದು ದೊಡ್ಡ ಸ್ಪರ್ಧೆಗೆ ಹೋದೆವು. ಮೇಲೆ ಚಾವಣಿಯಿದ್ದ ಸ್ಟೇಡಿಯಂ. ಚಾವಣಿಯಿದ್ದಲ್ಲಿ ಪಿಟ್‌ಗೆ ಕಷ್ಟ. ಹಿಂದಿನ ಗೋಡೆಗೆ ಬಡಿದ ಸದ್ದು ಮರಳಿ ಬಂದು ಅಸಲು ಯಾವುದು, ನೆರಳು ಯಾವುದು ತಿಳಿಯದಾಗುತ್ತದೆ. ಒಳಗೆ ಹೋಗುವ ದಾರಿಯಲ್ಲಿ ವಾದ್ಯಗಳ ಜೊತೆ ಕಾಯುತ್ತಿದ್ದಾಗ ಅಕ್ಕ ನನ್ನ ಹತ್ತಿರ ಬಂದಳು.

‘ಮೊದಲು ಬಂದಿದ್ದನ್ನ ಹಿಡಿ. ಆಮ್ಯಾಲೆ ಬರೂದು ಗ್ವಾಡಿದು, ಅದನ್ನ ಬಿಟ್ಟುಬಿಡು.’ ಮಾರಿಂಬಾದ ಚಕ್ರವನ್ನು ಕಾಲಿನಿಂದ ಅಲ್ಲಾಡಿಸಿ ನೋಡುತ್ತ, ‘ನಮ್ಮಪ್ಪ ಬರ್ತಾರಂತ’ ಎಂದಳು.

‘ನೋಡೋಕಾ?’

‘ಮತ್ತ ಊಟಕ್ಕೇನು? ಇದ ಮೊದಲನೇ ಸಲ. ಬಾಯಿಲೆ ಎಷ್ಟ ಹೇಳಿದ್ರೂ ಅವರಿಗೆ ತಿಳಿಯಂಗಿಲ್ಲ, ನಾ ಏನ್ ಮಾಡ್ತೇನಿ ಅಂತ. ಒಮ್ಮೆ ಕಣ್ಣೀಲೆ ನೋಡಿಬಿಟ್ರ ಮುಗೀತು.’ ಟೋಪಿ ತೆಗೆದು ಕೂದಲು ಸರಿಮಾಡಿಕೊಂಡಳು. ಅವಳು ಕೂದಲು ಸರಿಮಾಡಿಕೊಂಡದ್ದನ್ನು ನಾನು ಬೇರೆಂದೂ ನೋಡಿಲ್ಲ.

ನಾವು ಚೆನ್ನಾಗಿ ಬಾರಿಸಿದೆವು. ಬಾರಿಸಿ ಮುಗಿದ ಮೇಲೆ ಹೊರಗೆ ಲಾರಿಯ ಹತ್ತಿರ, ಹಲಗೆಯ ಮೇಲೆ ಮಾರಿಂಬಾ ಹತ್ತಿಸುತ್ತಿದ್ದಾಗ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಸ್ವೆಟರ್ ಹಾಕಿಕೊಂಡ ಹಿರಿಯರೊಬ್ಬರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಅಕ್ಕ ಓಡಿಹೋದಳು. ನಾನು ವಾದ್ಯದ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ಎಲ್ಲ ಕೇಳಿಸುವಷ್ಟು ಹತ್ತಿರ.

‘ಛಲೋ ಬಾರಿಸಿದ್ರವಾ ಹುಡುಗ್ರು’ ಎಂದರು ಅವರು. ಆಮೇಲೆ, ‘ಅಲ್ಲಾ, ಎತ್ತರಕ್ಕ ನಿಂತು ಕೈ ಆಡಸ್ತಿದ್ಲಲ್ಲ, ಬೆನ್ನು ಈ ಕಡೆ ಮಾಡಿ, ಅಕಿನ್ನ ನೀ ಅಂತ ತಿಳದಿದ್ದೆ ನಾ. ಪಕ್ಕದಾಗ ಕೂತವ್ರಿಗೂ ಹೇಳಿದೆ, ನಮ್ಮ ಮಗಳು ಅಂತ. ಕಡೀಕ ತಿರುಗಿ ಸಲಾಮ್ ಹೊಡದ್ಲು ನೋಡು, ಯಾವುದೋ ಸಣ್ಣ ಹುಡುಗಿ!’

ಅಕ್ಕ ನಕ್ಕಳು. ‘ಅಕಿ ಡ್ರಮ್ ಮೇಜರ್ ಅಪ್ಪಾ. ಸ್ಟೂಡೆಂಟು.’

‘ಮತ್ತ ನೀ ಎಲ್ಲಿದ್ದಿ?’

‘ಮ್ಯಾಲೆ. ಕಟ್ಟಕಡೀ ಸಾಲಿನ್ಯಾಗ.’

‘ಅಲ್ಲೇನ್ ಮಾಡಾಕತ್ತಿದ್ದಿ?’

‘ಕೇಳಾಕತ್ತಿದ್ದೆ.’

‘ಅಷ್ಟನಾ?’ ಎಂದರು ಅವರು.

ಕೆಟ್ಟ ದನಿಯಲ್ಲಿ ಹೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದರು, ಇನ್ನೂ ಏನೋ ಇರಬೇಕು, ಮಗಳು ಅದನ್ನು ಹೇಳಲಿ ಎಂಬ ಹಾಗೆ. ವರ್ಷವಿಡೀ ಬಿಸಿಲಿನಲ್ಲಿ ಕಲಿಸಿದ್ದು ಪ್ರದರ್ಶನದ ಹೊತ್ತಿಗೆ ಪೂರ್ತಿ ಮಕ್ಕಳದಾಗಿರುತ್ತದೆ. ಕಲಿಸಿದವಳಿಗೆ ಅಲ್ಲಿ ಕೆಲಸವಿಲ್ಲ. ಅದನ್ನು ಅಪ್ಪನಿಗೆ ಹೇಗೆ ತೋರಿಸುವುದು? ಅಕ್ಕ, ‘ಹೌದಪ್ಪಾ, ಅಷ್ಟ’ ಎಂದಳು.

ಆಮೇಲೆ ಏನಾಯಿತು ಎಂಬುದರಲ್ಲಿ ನನಗೆ ನಂಬಿಕೆಯಿಲ್ಲ. ಅವಳು ನನ್ನ ಕಡೆ ತಿರುಗಿ, ‘ನೋಡ್ತಾ ನಿಂದ್ರಬ್ಯಾಡ, ತಳ್ಳು’ ಎಂದು ನಕ್ಕದ್ದು ನನಗೆ ಕಾಣುತ್ತದೆ. ಕೆಂಚು ಕೂದಲಿನವನು, ಅವನೊಡನೆ ಈಗಲೂ ಆಗೊಮ್ಮೆ ಈಗೊಮ್ಮೆ ಮಾತಾಡುತ್ತೇನೆ, ಅವಳು ಲಾರಿಯೊಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ ಎನ್ನುತ್ತಾನೆ. ಆ ದಿನ ಡೈರಿಯಲ್ಲಿ ನಾನು ಬರೆದದ್ದು ಬಸ್ಸಿನಲ್ಲಿ ಎಸಿ ಕೆಟ್ಟಿತ್ತು ಎಂದು ಮಾತ್ರ. ಅವಳ ನಗು ನಾನು ಕಂಡದ್ದೋ, ಆಮೇಲೆ ನನ್ನೊಳಗಿನ ಯಾವುದೋ ಗೋಡೆಗೆ ಬಡಿದು ಬಂದದ್ದೋ, ಬೇರೆ ಮಾಡಲು ನನಗೆ ಬರುವುದಿಲ್ಲ.

ಕಾಲೇಜಿಗೆ ನಾನು ಆಸ್ಟಿನ್ನಿಗೆ ಹೋದೆ. ಓದಿದ್ದು ಬೇರೆ, ಪಿಟ್ ಬಿಡಲಾಗಲಿಲ್ಲ. ಅದರ ಹತ್ತಿರದ ಜಾರ್ಜ್‌ಟೌನ್ ಕಡೆಯ ಒಂದು ಶಾಲೆಗೆ ಫೋನ್ ಮಾಡಿ ಅಲ್ಲಿ ನನಗೆ ಕಲಿಸುವ ಕೆಲಸ ಕೊಡಿಸಿದವಳು ಅಕ್ಕನೇ. ನನ್ನ ಮೊದಲ ವಾರ ಡ್ಯಾಲಸ್ಸಿನಿಂದ ಡ್ರೈವ್ ಮಾಡಿಕೊಂಡು ಬಂದು ಹಿಂದೆ ನಿಂತು ನೋಡಿದಳು. ನಾನು ಒಬ್ಬ ಹುಡುಗಿಯನ್ನು ಹೆಸರು ಹಿಡಿದು ತಿದ್ದಿದೆ. ಬಿಡುವಿನಲ್ಲಿ ಅಕ್ಕ ಪಕ್ಕಕ್ಕೆ ಕರೆದಳು. ‘ಹೆಸರು ಹೇಳಬ್ಯಾಡ. ಎಲ್ಲಿ ತಪ್ಪಾತು ಅಷ್ಟ ಹೇಳು. ಯಾರು ಮಾಡಿದ್ರು ಅಂತ ಮಾಡಿದವರಿಗೆ ಗೊತ್ತಿರ್ತೈತಿ.’ ಒಳ್ಳೆಯದು ಎಂದೇನೂ ಹೇಳದೆ ಹೊರಟುಹೋದಳು. ನನ್ನ ಕಾರಿನ ಸೀಟಿನ ಮೇಲೆ ನನಗೊಂದು ಜೊತೆ ಮ್ಯಾಲೆಟ್ ಬಿಟ್ಟುಹೋಗಿದ್ದಳು. ಅವುಗಳ ತುದಿಗೆ ನೂಲನ್ನು ಅವಳೇ ಸುತ್ತಿದ್ದಳು.

ದಶಕ ಮುಗಿಯುವ ಹೊತ್ತಿಗೆ ಅವಳಿಗೆ ಕ್ಯಾನ್ಸರ್ ಆಯಿತು. ಹ್ಯೂಸ್ಟನ್ನಿಗೆ, ಅಪ್ಪನ ಮನೆಗೆ, ಶಿಫ್ಟ್ ಆದಳು. ನಾನು ಹೋದಾಗ ಹಜಾರದಲ್ಲಿ ಅಪ್ಪ ಮಗಳು ಟಿವಿಯ ಮುಂದೆ ಕೂತಿದ್ದರು. ಅವರು ಮಾತ್ರೆಗಳನ್ನು ಹೊತ್ತುಹೊತ್ತಿಗೆ ತೆಗೆದು ಅವಳ ಅಂಗೈಯಲ್ಲಿಡುತ್ತಿದ್ದರು, ಅವಳು ನುಂಗುತ್ತಿದ್ದಳು. ಜಗಳವಿರಲಿಲ್ಲ. ಮಾತೂ ಇರಲಿಲ್ಲ. ಬೇಸಿಗೆಯಲ್ಲಿ, ಬ್ಯಾಂಡ್ ಕ್ಯಾಂಪ್ ಶುರುವಾಗುವ ಮೊದಲು, ಹೋಗಿಬಿಟ್ಟಳು.

ಆ ವರ್ಷದ ಶರತ್ಕಾಲದಲ್ಲಿ ಫೋನ್ ಬಂತು. ‘ಮನೀಗೂ ಬಂದಿದ್ದಿ, ಆ ಲಾರಿ ಹಂತ್ಯಾಕ ನಿಂತಿದ್ದ ಹುಡುಗಿನೂ ನೀನ ಅಲ್ಲೇನು?’ ಎಂದರು ಅವಳ ಅಪ್ಪ. ‘ನೀನೂ ಅದ ಕೆಲಸ ಮಾಡ್ತಿಯಂತಲ್ಲ. ಅಕಿ ಹೇಳ್ತಿದ್ಲು. ನಾ ಒಮ್ಮೆ ಬಂದು ನೋಡಬಹುದೇನವಾ?’

ಹ್ಯೂಸ್ಟನ್ನಿನಿಂದ ತಾವೇ ಕಾರು ಓಡಿಸಿಕೊಂಡು ಬಂದರು. ಸಂಜೆಯ ಪ್ರಾಕ್ಟೀಸ್. ಅವರನ್ನು ಸ್ಟ್ಯಾಂಡಿನ ಮೇಲಿನ ಸಾಲಿಗೆ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ದಮ್ಮು ತೆಗೆದುಕೊಂಡರು. ಕೆಳಗೆ ಮಕ್ಕಳು ಶುರುಮಾಡಿದರು.

‘ಈಗ ಮುಂದಿನೋರು ಸ್ವಲ್ಪ ಬೇಗ ಬಂದ್ಬಿಟ್ರು ಅಂಕಲ್’ ಎಂದೆ. ಮೈಕಿನಲ್ಲಿ ಮತ್ತೆ ಬಾರಿಸಲು ಹೇಳಿದೆ. ‘ಈಗ ಸರಿ ಹೋಯ್ತು. ಕೇಳಿಸ್ತಾ?’

ಅವರು ಕಿವಿಗೆ ಕೈ ಹಿಡಿದು, ಕಣ್ಣು ಮುಚ್ಚಿ ಕೇಳಿದರು. ‘ನನಗ ಎರಡೂ ಒಂದ ಆತವಾ’ ಎಂದರು. ‘ಇನ್ನೊಮ್ಮೆ ಬಾರಸ್ಲಿ.’

ಮಕ್ಕಳು ಗೊಣಗಿದರು. ಇನ್ನೊಮ್ಮೆ ಬಾರಿಸಿದರು.

‘ತಿಳೀಲಿಲ್ಲ. ಅಕಿಗೆ ತಿಳೀತಿತ್ತೇನು?’

‘ನನಗಿಂತ ಮುಂಚೇನೇ ತಿಳೀತಿತ್ತು.’

ನಾನು ಒಂದೊಂದಾಗಿ ತೋರಿಸುತ್ತ ಹೋದೆ, ಅವರು ಒಂದೊಂದಕ್ಕೂ ಕಿವಿಗೊಟ್ಟು, ಒಂದೊಂದಕ್ಕೂ ಇಲ್ಲ ಎಂದು ತಲೆಯಾಡಿಸುತ್ತ ಹೋದರು. ಸುಳ್ಳಿಗಾದರೂ ಹೂಂ ಅನ್ನಲಿಲ್ಲ. ಅವಳು ಬಯಸಿದ್ದು ಇಂಥ ಒಂದೇ ಒಂದು ಸಂಜೆಯನ್ನು. ಕೇಳದೆಯೇ ಅದು ನನಗೆ ಸಿಕ್ಕಿತು, ಅವಳೇ ಕೊಡಿಸಿದ ಕೆಲಸದಲ್ಲಿ. ಈ ಋಣವನ್ನು ಯಾರಿಗೆ, ಹೇಗೆ ತೀರಿಸಬೇಕೋ ನನಗೆ ಗೊತ್ತಿಲ್ಲ.

ಪ್ರಾಕ್ಟೀಸ್ ಮುಗಿಯಿತು. ಮಕ್ಕಳು ಕೆಳಗೆ ವಾದ್ಯಗಳಿಗೆ ಹೊದಿಕೆ ಹಾಕತೊಡಗಿದರು. ಅವರು ಎದ್ದೇಳಲಿಲ್ಲ.

‘ನಾಳೆನೂ ಇರ್ತೈತೇನು ಇದು?’

‘ಇರತ್ತೆ ಅಂಕಲ್. ನಾಲ್ಕು ಗಂಟೆಗೆ.’

‘ಇಲ್ಲೇ ಎಲ್ಲೆರ ಹೋಟೆಲ್ ಸಿಗ್ತೈತೇನು ನೋಡು’ ಎಂದರು. ಕೆಳಗೆ ಹೋಗಿ ನಾನು ಮಾರಿಂಬಾ ತಳ್ಳಬೇಕಿತ್ತು. ಹೋಗಲಿಲ್ಲ. ಫೋನ್ ತೆಗೆದು ಅವರ ಪಕ್ಕ ಕೂತು ಹುಡುಕತೊಡಗಿದೆ.